ಲಾಡಿಕ್‌ನ ನಾಲ್ಕು ನಿಮಿಷ

ಕೆಂಪು ಚುಕ್ಕೆ ಮಿಣುಕ್ತಾ ಇದೆ, ಅಂದ್ರೆ ರೆಕಾರ್ಡಿಂಗ್ ಶುರುವಾಗಿದೆ ಅನ್ಕೋತೀನಿ. ಕೇಳು ಟೆರೆಸಾ. ಆ ಬೆಂಕಿ ವಿಷಯ ನಿಮ್ಮ ತಾತನ್ನ ಕೇಳ್ದೆ ಅಂತೆ, ಅವನು ಎದ್ದು ಹಿತ್ತಲಿಗೆ ಹೋದನಂತೆ. ಹೋಗ್ತಾನೆ. ಈಗ್ಲೂ ಅಲ್ಲೇ ಕೂತು ಪೀಕನ್ ಕಾಯಿ ಒಡೀತಾ ಇದಾನೆ. ಕಿವಿ ಕೇಳಲ್ಲ, ಹಂಗಾಗಿ ನಾನು ಧೈರ್ಯವಾಗಿ ಹೇಳ್ತೀನಿ.

ನೀನಿನ್ನೂ ಹುಟ್ಟಿರ್ಲಿಲ್ಲ. ನಮ್ಮೂರು ಹ್ರಾಡೆಕ್‌ನಿಂದ ಹದಿನಾಲ್ಕು ಮೈಲಿ ದೂರದಲ್ಲಿ, ಹಳ್ಳದಾಚೆ ದಿಬ್ಬದ ಮೇಲೆ, ಒಂದು ಪ್ರಾರ್ಥನೆ ಗುಂಪಿನವರು ಮರದ ಮನೆ ಕಟ್ಕೊಂಡಿದ್ರು. ನಮ್ಮ ಚರ್ಚಿಗೆ ಬರ್ತಿರ್ಲಿಲ್ಲ, ನಮ್ಮ ಡ್ಯಾನ್ಸಿಗೂ ಬರ್ತಿರ್ಲಿಲ್ಲ. ವಿಚಿತ್ರ ಜನ. ಆದ್ರೆ ಮೊಟ್ಟೆ ಚೆನ್ನಾಗಿ ಮಾರೋರು, ಕೊಳೆತಿದ್ದು ಒಂದೂ ಕೊಟ್ಟಿಲ್ಲ. ಅವರ ಹತ್ರ ಬಂದೂಕು ಜಾಸ್ತಿ ಇದೆ ಅಂತ ಕೇಂದ್ರದ ಪೊಲೀಸರು ಬಂದ್ರು. ಈ ಟೆಕ್ಸಸ್‌ನಲ್ಲಿ ಯಾರ ಹತ್ರ ಕಮ್ಮಿ ಇದೆ ಹೇಳು. ಮೊದಲ್ನೇ ದಿನಾನೇ ಗುಂಡು ಹಾರ್ತು, ಎರಡೂ ಕಡೆ ಜನ ಸತ್ರು. ಆಮೇಲೆ ಮೂವತ್ತೊಂದು ದಿನ ಸುತ್ತ ಮುತ್ತಿಗೆ ಹಾಕಿ ಕೂತ್ರು. ಮೂವತ್ತೆರಡನೇ ದಿನ ಮಧ್ಯಾಹ್ನ, ಗಾಳಿ ಅಂದ್ರೆ ಗಾಳಿ, ಆ ಮನೆಗೆ ಬೆಂಕಿ ಬಿತ್ತು. ಯಾರು ಹಚ್ಚಿದ್ರು, ಹೆಂಗೆ ಹತ್ಕೊಳ್ತು, ದೇವರಾಣೆ ನಂಗೆ ಗೊತ್ತಿಲ್ಲ. ಗೊತ್ತು ಅಂತ ಹೇಳೋರನ್ನ ನಂಬಬೇಡ. ಹತ್ತೊಂಬತ್ತು ಜನ ಹೋದ್ರು. ಅದ್ರಲ್ಲಿ ಆರು ಮಕ್ಕಳು.

ನಿಮ್ಮ ತಾತ ಲಾಡಿಕ್ ಆಗ ನಮ್ಮೂರ ಫೈರ್ ಇಂಜಿನ್ ಓಡಿಸ್ತಿದ್ದ. ಸಂಬಳ ಇಲ್ಲ, ಊರಿನ ಸೇವೆ. ಇಂಜಿನ್‌ನಲ್ಲಿ ಸ್ಟೇರಿಂಗ್ ಪಕ್ಕ ಒಂದು ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಎಷ್ಟೊತ್ತಿಗೆ ಹೊರಟ್ವಿ, ಎಷ್ಟೊತ್ತಿಗೆ ಮುಟ್ಟಿದ್ವಿ, ಎಲ್ಲ ಬರೀಬೇಕು. ಬೇರೆ ಡ್ರೈವರ್‌ಗಳು ವಾರಕ್ಕೊಂದ್ಸಲ ನೆನಪಾದಷ್ಟು ಗೀಚೋರು. ಇವನು ಹಂಗಲ್ಲ. ಜುಲೆಕ್‌ನ ಬೆಕ್ಕು ವಿಂಡ್‌ಮಿಲ್ ಹತ್ತಿ ಕೂತಿದ್ದನ್ನೂ ಬರ್ದಿದಾನೆ. ಬೆಕ್ಕಿನ ಬಣ್ಣ ಸಮೇತ.

ಅವತ್ತು ಇವನು, ಪಕ್ಕದಲ್ಲಿ ಎಡ್ವಿನ್ ವ್ರ್ಬಾ. ಹಳ್ಳದ ಸೇತುವೆ ಹತ್ರ ಪೊಲೀಸರು ತಡೆದ್ರು. ಒಳಗಿಂದ ಗುಂಡು ಹಾರ್ಬಹುದು, ಮೇಲಿಂದ ಆರ್ಡರ್ ಬರ್ಬೇಕು ಅಂದ್ರು. ಇವರು ನೀರು ತುಂಬಿದ ಗಾಡೀಲಿ ಕೂತು ಹೊಗೆ ನೋಡ್ತಾ ಇದ್ರು. ಮೂವತ್ಮೂರು ನಿಮಿಷ. ಬಿಟ್ಟಾಗ ಅಲ್ಲಿ ಚಿಮಣಿ ಒಂದು ನಿಂತಿತ್ತು ಅಷ್ಟೆ.

ಮೂರು ದಿನ ಆದ್ಮೇಲೆ ಟೀವೀಲಿ ಟೈ ಕಟ್ಕೊಂಡು ಒಬ್ಬ ಹೇಳ್ದ, ಸ್ಥಳೀಯ ಅಗ್ನಿಶಾಮಕದವರು ತಡವಾಗಿ ಬಂದ್ರು ಅಂತ.

ಅಷ್ಟೇ ನೋಡು. ನಮ್ಮೂರು ಕೊತಕೊತ ಕುದೀತು. ಕೇಂದ್ರ ಅನ್ನೋ ಪದ ಕೇಳಿದ್ರೆ ಉಗಿಯೋರು. ಮಣ್ಣು ಪರೀಕ್ಷೆ ಮಾಡೋಕೆ ಬರ್ತಿದ್ದ ಬಡಪಾಯಿಗೆ ಯಾರೂ ಗೇಟು ತೆಗೀಲಿಲ್ಲ. ಪೋಸ್ಟ್‌ಮ್ಯಾನ್ ಜೆರೋಮ್ ಇದ್ನಲ್ಲ, ನಮ್ಮ ಬೀದೀಲೇ ಹುಟ್ಟಿದೋನು, ಅವನ ಅಂಗಿ ಮೇಲೆ ಸರ್ಕಾರಿ ಹದ್ದಿನ ಮುದ್ರೆ ಇದೆ ಅಂತ ಅವನಿಗೂ ಕೈ ಬೀಸಿ ಮಾತಾಡ್ಸೋದು ನಿಲ್ಸಿದ್ರು. ಅವನು ನಮ್ಮನೆ ಜಗಲಿ ಮೇಲೆ ಕೂತು, "ಅಲ್ಬಿನಕ್ಕ, ನಾನೇನ್ ಮಾಡ್ದೆ, ಸೀಮೆಎಣ್ಣೆ ತಗೊಂಡ್ ಹೋಗಿದ್ನಾ" ಅಂತ ಕೇಳ್ದ. ನಾನು, "ನನ್ನ ತಂಗಿ ಕಾಗದ ತಂದಿದ್ರೆ ನೀನು ನಮ್ಮೋನು, ತೆರಿಗೆ ಕಾಗದ ತಂದಿದ್ರೆ ಅವರೋನು" ಅಂದೆ. ತೆರಿಗೆದೇ ತಂದಿದ್ದ.

ದನದ ಮೇವಿನ ಅಂಗಡಿ ಮುಂದೆ ಬೋರ್ಡು ಹಾಕಿದ್ರು, ಬರೀ 33 ಅಂತ. ಟೋಪಿ ಮೇಲೂ 33. ಎಲ್ರಿಗೂ ಗೊತ್ತಿತ್ತು, ಪುರಾವೆ ಲಾಡಿಕ್‌ನ ಪುಸ್ತಕದಲ್ಲಿದೆ ಅಂತ. ಅವನು ಅದನ್ನ ಗಾಡಿಯಿಂದ ಬಿಚ್ಚಿ ಮನೆಗೆ ತಂದಿದ್ದ. ಹೋದಲ್ಲಿ ಬಂದಲ್ಲಿ ಜನ ಬೆನ್ನು ತಟ್ಟೋರು, "ಕೊಡಬೇಡಪ್ಪ ಲಾಡಿಕ್, ಅವರ ಕೈಗೆ ಹೋದ್ರೆ ಮಾಯ ಆಗತ್ತೆ" ಅನ್ನೋರು. ಇವನು ಬರೀ ತಲೆ ಆಡ್ಸೋನು. ದಿನಾ ಸೊರಗ್ತಾ ಇದ್ದ. ಬೆಂಕಿ ನೋಡಿದಾನಲ್ಲ, ಅದಕ್ಕೇ ಅನ್ಕೊಂಡೆ. ದಡ್ಡಿ ನಾನು.

ಇರು, ಒಂಚೂರು ನೀರು ಕುಡೀತೀನಿ.

ಹಾಂ. ಒಂದು ವರ್ಷ ಆದ್ಮೇಲೆ ವಿಚಾರಣೆ ಅಂತ ಆಯ್ತು. ವಿಚಾರಣೆ ನಡೆಸೋಕೆ ವಾಷಿಂಗ್ಟನ್‌ನಿಂದ ಒಬ್ಳು ಅಧಿಕಾರಿ ಬಂದ್ಲು, ಲೊರೇನ್ ಟಿಲ್ಮನ್ ಅಂತ, ಮೂವತ್ತೈದು ವರ್ಷ ಇರಬಹುದು. ಬೇಕರೀಲಿ ಗಸಗಸೆ ತುಂಬಿದ ಕೊಲಾಚಿ ಬನ್ನು ಕೇಳಿದ್ಲು. ಮಾಲಿ ಅನ್ನೋ ನಮ್ಮ ಬೇಕರಿ ಹೆಂಗಸು, ತಟ್ಟೆ ತುಂಬ ಬಿಸಿಬಿಸಿ ಬನ್ನು ಎದುರಿಗೇ ಇದೆ, "ಮುಗ್ದೋಗಿದೆ" ಅಂದ್ಲು.

"ಮತ್ತೆ ಇವು?"

"ಇವೂ ಮುಗ್ದೋಗಿದೆ."

ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಆರು ಕೊಂಡು ಅವಳ ಕೈಗಿಟ್ಟೆ. ಜಗಳ ಬೇರೆ, ಹಸಿವು ಬೇರೆ. ಮಾಲಿ ನನ್ನ ಹತ್ರ ಒಂದು ತಿಂಗಳು ಮಾತು ಬಿಟ್ಲು. ನಂಗೂ ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಕ್ತು.

ಲೊರೇನ್ ಮೂರು ಸಲ ನಮ್ಮನೆಗೆ ಬಂದ್ಲು. ಮೂರು ಸಲಾನೂ ಇವನು ಹಿಂದಿನ ಬಾಗಿಲಿಂದ ಹೊರಟ. ಮೂರನೇ ಸಲ ಅವಳು ಸೋಫಾ ಮೇಲೆ ಕೂತು ನೇರವಾಗಿ ಹೇಳಿದ್ಲು, "ಅಮ್ಮಾ, ಶುಕ್ರವಾರ ಕೋರ್ಟಲ್ಲಿ ಕೊನೇ ವಿಚಾರಣೆ. ಆ ಪುಸ್ತಕ ಅಲ್ಲಿಗೆ ಬರದೇ ಇದ್ರೆ, ಇವರು ತಡವಾಗಿ ಬಂದ್ರು ಅಂತಾನೇ ವರದಿ ಆಗತ್ತೆ. ಆಮೇಲೆ ತಿದ್ದೋಕಾಗಲ್ಲ."

"ನಿನ್ನನ್ನ ನಾನ್ಯಾಕೆ ನಂಬಬೇಕು?" ಅಂದೆ.

"ನಂಬಬೇಡಿ. ಅವರೇ ತಂದು, ಅವರೇ ಓದಿ, ಅವರೇ ವಾಪಸ್ ತಗೊಂಡು ಹೋಗ್ಲಿ."

ಹುಡುಗಿಗೆ ತಲೆ ಇದೆ ಅನ್ಸ್ತು.

ಬುಧವಾರ ರಾತ್ರಿ ಊಟಕ್ಕೆ ಸಾಸೇಜ್ ತೆಗೆಯೋಣ ಅಂತ ಮಧ್ಯಾಹ್ನನೇ ದೊಡ್ಡ ಫ್ರೀಜರ್ ತೆಗೆದೆ. ಅಡೀಲಿ, ಜಿಂಕೆ ಮಾಂಸದ ಕೆಳಗೆ, ಪ್ಲಾಸ್ಟಿಕ್ ಕವರಲ್ಲಿ ಪುಸ್ತಕ. ಕಲ್ಲಿನ ಥರ ಆಗಿತ್ತು. ಒಲೆ ಪಕ್ಕ ಇಟ್ಟು ಕಾಯಿಸ್ದೆ. ಹಾಳೆ ಬಿಡಿಸಿ ಓದ್ದೆ. ಹನ್ನೆರಡು ಎರಡಕ್ಕೆ ಹೊರಟ್ವಿ. ಹನ್ನೆರಡು ಇಪ್ಪತ್ನಾಲ್ಕಕ್ಕೆ ಸೇತುವೆ, ತಡೆದರು. ಹನ್ನೆರಡು ಐವತ್ತೇಳಕ್ಕೆ ಬಿಟ್ಟರು. ಎಲ್ಲ ಸರಿ ಇದೆ. ಆದ್ರೆ ಮಧ್ಯೆ ಇನ್ನೊಂದು ಸಾಲು. ಹನ್ನೆರಡು ಒಂಬತ್ತರಿಂದ ಹನ್ನೆರಡು ಹದಿಮೂರು, ಗಾಡಿ ನಿಲ್ಲಿಸಿದೆ, ಶವಯಾತ್ರೆ.

ನಂಗೆ ತಕ್ಷಣ ಗೊತ್ತಾಯ್ತು. ಅವತ್ತು ತೊಂಬತ್ಮೂರು ವರ್ಷದ ಯೂಲಿ ಕೊಚುರೆಕ್ ಅಜ್ಜೀನ ಮಣ್ಣು ಮಾಡೋದಿತ್ತು. ನಾನು ಚರ್ಚ್ ಹಾಲ್‌ನಲ್ಲಿ ಮಣ್ಣಿಗೆ ಬಂದೋರ ಊಟಕ್ಕೆ ಆಲೂಗಡ್ಡೆ ಸುಲೀತಿದ್ದೆ. ನಮ್ಮ ಕಡೆ ಎದುರಿಗೆ ಹೆಣದ ಗಾಡಿ ಬಂದ್ರೆ ಎಂಥವನೂ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದು, ಟೋಪಿ ತೆಗೆದು, ಕೊನೇ ಕಾರು ದಾಟೋವರೆಗೂ ನಿಲ್ತಾನೆ. ಸತ್ತೋರು ಯಾರು ಅಂತ ಗೊತ್ತಿರೋದೂ ಬೇಕಿಲ್ಲ. ಹಾಲು ಕುಡಿಯೋವಾಗ್ಲೇ ಕಲಿಯೋ ಬುದ್ಧಿ ಅದು. ಆದ್ರೆ ಸೈರನ್ ಹಾಕ್ಕೊಂಡು ಹೋಗ್ತಿರೋ ಫೈರ್ ಇಂಜಿನ್ ನಿಲ್ಸೋದು, ಅದು ನನ್ನ ಗಂಡನಿಗೆ ಮಾತ್ರ ಸಾಧ್ಯ.

ಸಂಜೆ ಇವನು ಬಂದಾಗ ಪುಸ್ತಕ ಮೇಜಿನ ಮೇಲಿತ್ತು. ನೋಡ್ದ. ಕುರ್ಚಿ ಎಳ್ಕೊಂಡು ಕೂತ.

"ಸೈರನ್ನೂ ನಿಲ್ಸಿದ್ಯಾ?" ಅಂದೆ.

"ನಿಲ್ಸ್‌ದೆ."

"ಯೂಲಿ ಅಜ್ಜಿಗೇನು ಅವಸರ ಇತ್ತಾ, ತೊಂಬತ್ಮೂರು ವರ್ಷ ಕಾದೋಳಿಗೆ?"

"ನಾನು ಯೋಚನೆ ಮಾಡಿ ನಿಲ್ಸಿಲ್ಲ ಅಲ್ಬಿನಾ. ಕೈ ತಾನಾಗೇ ತಿರುಗಿಸ್ತು. ಎಡ್ವಿನ್ ಕಿರುಚ್ತಾ ಇದ್ದ. ನಾನು ಆಗ್ಲೇ ಟೋಪಿ ತೆಗ್ದಿದ್ದೆ. ಮೂವತ್ತೊಂದು ಕಾರು." ಆಮೇಲೆ ಮೇಜು ಒರೆಸೋ ಥರ ಅಂಗೈ ಆಡಿಸ್ತಾ ಹೇಳ್ದ, "ಸೇತುವೆ ಹತ್ರ ನಾಲ್ಕು ನಿಮಿಷ ಮುಂಚೆ ಹೋಗಿದ್ರೆ ತಡೀರಿ ಅನ್ನೋ ಆರ್ಡರ್ ಇನ್ನೂ ಬಂದಿರ್ತಿರ್ಲಿಲ್ವೇನೋ. ಹಂಗೇ ಬಿಡ್ತಿದ್ರೇನೋ."

"ಬಿಡ್ತಿರ್ಲಿಲ್ಲ."

"ನಿಂಗೆ ಗೊತ್ತಾ?"

ನಂಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಕೊಟ್ರೆ ಅವರು ನನ್ನ ನಾಲ್ಕು ನಿಮಿಷ ಎತ್ತಿ ಹಿಡಿದು ಅವರ ಮೂವತ್ಮೂರು ನುಂಗ್ತಾರೆ," ಅಂದ. "ಕೊಡ್ದೇ ಇದ್ರೆ ಊರೆಲ್ಲ ನನ್ನ ಬೆನ್ನು ತಟ್ಟತ್ತೆ. ಯಾವ್ದು ತಡ್ಕೊಳ್ಳೋದು ಹೇಳು."

ಈಗ ಹೇಳೋದನ್ನ ನಿಮ್ಮಪ್ಪನಿಗೆ ಹೇಳಬೇಡ. ನಾನು ಎದ್ದು ಡ್ರಾಯರ್‌ನಿಂದ ರಬ್ಬರ್ ತಂದೆ. ಪೆನ್ಸಿಲ್‌ನಲ್ಲಿ ಬರ್ದಿದ್ದು ತಾನೇ. ಒಂದೇ ಒಂದು ಸಾಲು. ಹಾಳೆ ಮೇಲೆ ರಬ್ಬರ್ ಇಟ್ಟೂ ಇಟ್ಟೆ. ನಂಗೆ ಸತ್ಯ ಬೇಕಿರ್ಲಿಲ್ಲ, ಗಂಡ ಬೇಕಿತ್ತು. ಅವನು ನನ್ನ ಕೈ ಹಿಡ್ಕೊಂಡ. ಗಟ್ಟಿಯಾಗಲ್ಲ, ಮಗು ಕೈಯಿಂದ ಚಾಕು ತಗೋತಾರಲ್ಲ, ಹಂಗೆ.

"ಬೇಡ ಕಣೆ. ಆ ಪುಸ್ತಕದಲ್ಲಿ ಬೆಕ್ಕಿಂದೂ ಇದೆ," ಅಂದ.

ಶುಕ್ರವಾರ ಕೋರ್ಟಲ್ಲಿ ಕಾಲಿಡೋಕೆ ಜಾಗ ಇಲ್ಲ. ಅರ್ಧ ಊರು 33 ಟೋಪಿ ಹಾಕ್ಕೊಂಡು ಬಂದಿದೆ. ಒಂದು ಕಡೆ ಕೇಂದ್ರದ ವಕೀಲ, ಬೂಟು ಹೊಳೀತಿತ್ತು. ಲಾಡಿಕ್ ಮದುವೆ ಕೋಟು ಹಾಕ್ಕೊಂಡು ಹೋಗಿ ನಿಂತ. ಗುಂಡಿ ಹಾಕೋಕಾಗ್ತಿರ್ಲಿಲ್ಲ. "ಪುಸ್ತಕ ಕೊಡಲ್ಲ, ಓದ್ತೀನಿ," ಅಂದ. ಜನ ಕಾಲು ಕುಟ್ಟಿದ್ರು. ಕನ್ನಡಕ ಹಾಕ್ಕೊಂಡ, ಓದ್ದ. ಹನ್ನೆರಡು ಒಂಬತ್ತು ಬಂತು. ಆ ಸಾಲನ್ನೂ ಓದ್ದ. ಬೇರೆ ಸಾಲಿಗಿಂತ ಜೋರಾಗೇ ಓದ್ದ.



ವಕೀಲ ಎದ್ದ. "ಅಂದ್ರೆ, ಜೀವ ಇರೋರು ಸುಡ್ತಾ ಇದ್ದಾಗ ನೀವು ಸತ್ತೋರಿಗೆ ಟೋಪಿ ತೆಗೀತಾ ನಿಂತಿದ್ರಿ."

"ಹೌದು ಸಾರ್," ಅಂದ ನನ್ನ ಗಂಡ.

ಆಗ ಹಿಂದಿನ ಸಾಲಲ್ಲಿ ರೇಮಂಡ್ ಕೊಚುರೆಕ್ ಎದ್ದ, ಯೂಲಿ ಅಜ್ಜಿ ಮಗ. ಅವನಿಗೆ ಎಂದೂ ಎರಡು ಮಾತು ಸೇರಿಸಿ ಆಡಿ ಗೊತ್ತಿಲ್ಲ. "ಲಾಡಿಕ್, ನಮಗೆಲ್ಲ ಗೊತ್ತಿತ್ತು ಕಣೋ," ಅಂದ. "ನಾನು ಮೊದಲ್ನೇ ಕಾರಲ್ಲಿದ್ದೆ. ಸೈರನ್ ಕೇಳಿಸ್ತು. ನಾವೇ ಪಕ್ಕಕ್ಕೆ ಇಳೀಬೇಕಿತ್ತು. ಮೂವತ್ತೊಂದು ಕಾರಲ್ಲಿ ಒಬ್ರಿಗೂ ಹೊಳೀಲಿಲ್ಲ. ಅಮ್ಮನ ಊಟದಲ್ಲೇ ಮಾತಾಡ್ಕೊಂಡ್ವಿ, ಯಾರೂ ಬಾಯಿ ಬಿಡೋದು ಬೇಡ ಅಂತ."

ನೋಡು ಟೆರೆಸಾ, ನಾನು ಬೇಯಿಸಿದ ಆಲೂಗಡ್ಡೆ ತಿನ್ಕೊಂಡೇ ಮಾತಾಡ್ಕೊಂಡಿದಾರೆ. ಇಡೀ ಊರಿಗೆ ಗೊತ್ತು. ಗೊತ್ತಿಲ್ದೇ ಇದ್ದೋಳು ಹೆಂಡ್ತಿ ಒಬ್ಳೇ. ಇವನು ವರ್ಷವಿಡೀ ಊರಿಂದ ಬಚ್ಚಿಟ್ಟ, ಊರು ಇವನಿಂದ ಬಚ್ಚಿಡ್ತು.

ವಕೀಲ ನಕ್ಕ. "ವಿಷಯ ಮುಚ್ಚಿಟ್ರು ಅಂತ ನಮ್ಮನ್ನ ಬೈತಿದ್ರಲ್ಲ, ನೀವೇನ್ ಮಾಡಿದ್ರಿ ಮತ್ತೆ?" ಅಂದ. ಅವನು ಹೇಳಿದ್ದು ಸರಿನೇ ಇತ್ತು. ಸರಿ ಇತ್ತಲ್ಲ, ಅದಕ್ಕೇ ಮೈ ಉರೀತು. ಕೆಲವರು ಮೆಲ್ಲಗೆ ಟೋಪಿ ತೆಗೆದು ತೊಡೆ ಮೇಲಿಟ್ಕೊಂಡ್ರು.

ಲೊರೇನ್ ಕುರ್ಚೀಲಿ ಕೂತೇ ಕೇಳಿದ್ಲು, "ಸೇತುವೆ ಹತ್ರ ನಮ್ಮೋರೂ ಒಂದು ಹಾಳೇಲಿ ಟೈಮು ಬರ್ಕೊಳ್ತಿದ್ರಲ್ಲ. ಆ ಗಂಟೆದು ಎಲ್ಲಿ?"

"ಹುಡುಕ್ತಾ ಇದೀವಿ," ಅಂದ ವಕೀಲ.

"ವರ್ಷದಿಂದನಾ?"

ಅವನು ಕಾಗದ ಜೋಡಿಸ್ಕೊಂಡ.

"ಸರಿ, ಸಿಗೋವರೆಗೂ ನಮ್ಮ ಹತ್ರ ಇರೋದು ಇದೊಂದೇ ಪುಸ್ತಕ," ಅಂದ್ಲು. ಆಮೇಲೆ ಇವನ ಕಡೆ ತಿರುಗಿ, "ಸಾರ್, ನಕಲು ತೆಗೀಬಹುದಾ? ನೀವು ಪಕ್ಕದಲ್ಲೇ ನಿಂತಿರಿ."

ನಿಂತಿದ್ದ. ಒಂದೊಂದು ಹಾಳೆಯನ್ನೂ ತಾನೇ ಯಂತ್ರದ ಮೇಲಿಟ್ಟು, ತಾನೇ ಮುಚ್ಚಳ ಮುಚ್ಚಿ. ಅವರಿಗೆ ಬೇಕಾಗಿದ್ದು ಒಂದೇ ಪುಟ. ಇವನು ಪೂರ್ತಿ ಪುಸ್ತಕಾನೇ ಮಾಡಿಸ್ದ, ನೂರಾ ಹನ್ನೆರಡು ಪುಟ. ಲೊರೇನ್ ಬೇಜಾರಿಲ್ದೆ ನಿಂತಿದ್ಲು. ನಾನು ಬೇಜಾರಾಗಿ ಕಾರಲ್ಲಿ ನಿದ್ದೆ ಮಾಡ್ದೆ.

ವರದಿ ಬರೋಕೆ ಎಂಟು ತಿಂಗಳಾಯ್ತು. ತಡವಾಗಿ ಬಂದ್ರು ಅನ್ನೋ ಮಾತು ಹೋಗಿತ್ತು. ದಾರೀಲಿ ನಾಲ್ಕು ನಿಮಿಷ, ಸೇತುವೆ ಹತ್ರ ಮೂವತ್ಮೂರು, ಅಂತ ಎರಡೂ ಇತ್ತು. ಯಾರಿಗೂ ಶಿಕ್ಷೆ ಆಗ್ಲಿಲ್ಲ. ನಮ್ಮೂರು ಕೇಂದ್ರದ ಪೊಲೀಸರನ್ನ ನಂಬೋಕೆ ಶುರು ಮಾಡ್ಲಿಲ್ಲ, ನಾನೂ ನಂಬಲ್ಲ. ಲೊರೇನ್‌ಗೆ ಮಾತ್ರ ಈಗ್ಲೂ ಕ್ರಿಸ್‌ಮಸ್‌ಗೆ ಪೀಕನ್ ಕಳಿಸ್ತೀವಿ.

ವರದಿ ಓದಿದ ದಿನ ಇವನು, "ದಿಬ್ಬಕ್ಕೆ ಹೋಗೋಣ್ವಾ?" ಅಂದ. ಬೆಂಕಿ ಆದ್ಮೇಲೆ ಆ ರಸ್ತೆಗೇ ಕಾಲಿಟ್ಟಿರ್ಲಿಲ್ಲ. ನಾನೇ ಕಾರು ಓಡಿಸ್ದೆ. ಅಲ್ಲಿ ಹತ್ತೊಂಬತ್ತು ಸಣ್ಣ ಶಿಲುಬೆ ನೆಟ್ಟಿದಾರೆ, ಹುಲ್ಲು ಬೆಳೆದಿತ್ತು. ಇಳಿದು ಒಬ್ಬನೇ ಹೋದ. ಪ್ರತಿಯೊಂದರ ಮುಂದೆನೂ ನಿಂತು ಏನೋ ಹೇಳ್ತಾ ಹೋದ, ತುಟಿ ಆಡ್ತಿದ್ದಿದ್ದು ಕಾಣ್ತಿತ್ತು. ಏನ್ ಹೇಳ್ದ ಅಂತ ನಾನು ಕೇಳಿಲ್ಲ, ನೀನೂ ಕೇಳಬೇಡ.

ವಾಪಸ್ ಬಂದು ಕಾರಲ್ಲಿ ಕೂತ. ಸ್ವಲ್ಪ ದೂರ ಬಂದ್ಮೇಲೆ, "ಹಸಿವಾಗ್ತಿದೆ ಕಣೆ," ಅಂದ. ಹೆದ್ದಾರಿ ಪಕ್ಕ ನಿಲ್ಸಿ ಎರಡು ಪ್ಲೇಟ್ ಬಾರ್ಬೆಕ್ಯೂ ಮಾಂಸ ತಂದೆ. ತನ್ನದು ಪೂರ್ತಿ ಮುಗಿಸಿ, ನನ್ನ ಪ್ಲೇಟಿಗೂ ಕೈ ಹಾಕ್ದ. ನಾನು ಬಿಟ್ಟೆ. ಬೇರೆ ದಿನ ಆಗಿದ್ರೆ ಫೋರ್ಕಿಂದ ಚುಚ್ತಿದ್ದೆ.