ಅಳಿಯನ ಮನೆಯ ಕಾರು

ಹಳೆಯ ಕಾರು ಕೊಳ್ಳುವ ಮೊದಲು ಒಬ್ಬ ಮೆಕ್ಯಾನಿಕ್‌ಗೆ ತೋರಿಸಬೇಕೆಂಬುದು ಬೆಳ್ಳಾರೆ ಪೇಟೆಯಲ್ಲಿ ಕಡಲೆ ಮಾರುವವನಿಗೂ ಗೊತ್ತು. ನಮ್ಮ ಮನೆಯವರಿಗೂ ಗೊತ್ತಿತ್ತು. ಆದರೆ ಮಾರುತ್ತಿದ್ದವನು ಮನೆಯ ಅಳಿಯ.

"ಅಳಿಯನ ಕಾರಿನ ಬಾನೆಟ್ ತೆಗೆದು ನೋಡುದಾ? ನಾಳೆ ಅವನು ನಮ್ಮಲ್ಲಿ ಊಟಕ್ಕೆ ಕೂತ್ಕೊಳ್ಳುದು ಬೇಡ್ವಾ?" ಎಂದರು ನನ್ನ ಅತ್ತೆ ರುಖಿಯಮ್ಮ. ನನ್ನ ಗಂಡ ಮಶೂದ್ ದುಬೈಯಲ್ಲಿ ಕೂತು ವಿಡಿಯೋ ಕಾಲಿನಲ್ಲೇ ತಲೆಯಾಡಿಸಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಅಳಿಯ ಎಂದರೆ ನನ್ನ ನಾದಿನಿ ಆಫ್ರಾಳ ಗಂಡ ಮಿದ್ಲಾಜ್, ಉಪ್ಪಿನಂಗಡಿಯವನು. ಅವನು ಬರುತ್ತಾನೆಂದರೆ ನಮ್ಮಲ್ಲಿ ಕೋಳಿ ಒಂದೇ ಸಾಲದು, ಮೀನೂ ಆಗಬೇಕು, ತೆಳು ಅಕ್ಕಿರೊಟ್ಟಿ ಪತ್ತಿರಿಯೂ ಆಗಬೇಕು. ಅವನೆದುರು ಯಾರೂ ಸ್ವರ ಏರಿಸಬಾರದು. ಸೊಸೆಯಂತೂ ಬಾಯಿಯೇ ತೆರೆಯಬಾರದು.

ಕಾರು ಬೇಕಾಗಿದ್ದದ್ದು ಈ ಸೊಸೆಗೆ. ಕಡಬದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ನನ್ನದು. ಬಸ್ಸು ಬದಲಿಸಿ ಹೋಗಿ ಸಾಕಾಗಿತ್ತು. "ಇದು ಆಟೋಮ್ಯಾಟಿಕ್, ಹೆಂಗಸ್ರಿಗೆ ಸುಲಭ. ಎತ್ತರ ಉಂಟು, ನಮ್ಮ ರೋಡಿಗೆ ಹೇಳಿ ಮಾಡಿಸಿದ್ದು" ಎಂದ ಮಿದ್ಲಾಜ್. ಊರವರು ಅದನ್ನು ಎಸ್‌ಯುವಿ ಎನ್ನುತ್ತಾರೆ. ನನ್ನನ್ನು ಕೇಳಿದರೆ ಅದು ಸಣ್ಣ ಕಾರೇ, ಹೀಲ್ಸ್ ಚಪ್ಪಲಿ ಹಾಕಿಕೊಂಡು ನಿಂತಿದೆ ಅಷ್ಟೆ.

ಮೊದಲ ವಾರವೇ ಏರಿನಲ್ಲಿ ಅದು ಬಿಕ್ಕಳಿಸತೊಡಗಿತು. ಸಾವಕಾಶ ಹೋದರೆ ಜರ್ಕು ಹೊಡೆಯುವುದು, ಹಿಂದಿನವನ ಹಾರನ್ನಿಗೆ ಹೆದರಿ ಆಕ್ಸಿಲರೇಟರ್ ಒತ್ತಿದರೆ ಎಗರುವುದು. ನಮ್ಮ ಕಡೆ ಏರು ಇಲ್ಲದ ರಸ್ತೆ ಯಾವುದುಂಟು? ಆಮೇಲೆ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು. ಅದು ರಿಪೇರಿಯಾಗುವಷ್ಟರಲ್ಲಿ ಎ.ಸಿ. ಬರೀ ಗಾಳಿ ಬಿಡತೊಡಗಿತು. ಎದುರಿನ ದೊಡ್ಡ ಸ್ಕ್ರೀನ್ ಮನಸ್ಸು ಬಂದಾಗ ಹೊತ್ತಿಕೊಳ್ಳುತ್ತದೆ, ರಿವರ್ಸ್ ತೆಗೆಯುವಾಗ ಮಾತ್ರ ಕಪ್ಪಾಗುತ್ತದೆ. ಟೈರು ಸವೆದರೆ ಆ ಅಳತೆಯದ್ದು ಸುಳ್ಯದಲ್ಲಿಲ್ಲ, ಪುತ್ತೂರಿನಲ್ಲಿಲ್ಲ, ಮಂಗಳೂರಿಗೆ ಹೇಳಿ ತರಿಸಬೇಕು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಅನ್ನುತ್ತಾರೆ, ಸರಿ. ಇದು ದಾನವಲ್ಲವಲ್ಲ! ಕೈಯಿಂದ ದುಡ್ಡು ಕೊಟ್ಟು ಕೊಂಡು, ಮೇಲಿಂದ ಹಲ್ಲನ್ನೂ ಎಣಿಸಬಾರದೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನ್ನ ಸಂಬಳ ನನಗಿಂತ ಮೊದಲು ಗ್ಯಾರೇಜಿಗೆ ಹೋಗುತ್ತಿತ್ತು.

ಪುತ್ತೂರಿನಲ್ಲಿ ಗ್ಯಾರೇಜು ಇಟ್ಟಿರುವ ಸಂಕಪ್ಪಣ್ಣ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದರು.

"ತೆಗೊಳ್ಳುವ ಮೊದ್ಲು ಒಮ್ಮೆ ಇಲ್ಲಿಗೆ ತರ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ? ಆಟೋಮ್ಯಾಟಿಕ್ ಆದ್ರೂ ಇದರ ಒಳಗೆ ಕ್ಲಚ್ ಉಂಟು, ಅದು ಮೊದ್ಲೇ ಹೋಗಿದೆ. ಬಿಚ್ಚಿದ್ರೆ ದೊಡ್ಡ ಖರ್ಚು ಉಂಟು."

"ಸಂಬಂಧಿಕರದ್ದು" ಎಂದೆ.

"ಹಾಗಾದ್ರೆ ಮುಗಿಯಿತು" ಎಂದು ಅವರು ಸ್ಪ್ಯಾನರ್ ಎತ್ತಿಕೊಂಡರು.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಖರ್ಚಿಗಿಂತ ಹೆಚ್ಚಾಗಿ ಬಾಯಿ ಮುಚ್ಚಿಕೊಂಡಿರಬೇಕಲ್ಲ ಎಂಬುದಕ್ಕೆ. ಮಿದ್ಲಾಜ್ ಬಂದಾಗಲೆಲ್ಲ ಸೋಫಾದಲ್ಲಿ ಕೂತು, "ಕಾರು ಹೇಗುಂಟು?" ಎಂದು ಕೇಳುವುದು. ನಾನು ಉತ್ತರ ಕೊಡುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ, "ಒಳ್ಳೆದುಂಟು, ಹೊಸತರ ಹಾಗೆಯೇ ಉಂಟು!" ಎಂದು ಕೂಗುವುದು. ಅವನು ನನ್ನ ಕಡೆ ನೋಡಿ ಒಂದು ನಗು ನಗುತ್ತಿದ್ದ. ನಾನು ಪತ್ತಿರಿ ಬಡಿಸುತ್ತಿದ್ದೆ.

ಒಮ್ಮೆ ತಡೆಯಲಾಗದೆ ಗಂಡನಿಗೆ ಫೋನಿನಲ್ಲಿ, "ಈ ಸಲ ನಾನು ಹೇಳಿಯೇ ಹೇಳ್ತೇನೆ" ಎಂದೆ.

"ಮುಫೀದಾ, ಆಫ್ರಾ ಆ ಮನೆಯಲ್ಲಿ ಬದುಕ್ಲಿಕ್ಕೆ ಉಂಟು" ಎಂದರು ಮಶೂದ್. "ನೀನು ಇಲ್ಲಿ ಒಂದು ಮಾತು ಹೇಳಿದ್ರೆ ಅವಳು ಅಲ್ಲಿ ಹತ್ತು ಕೇಳ್ಬೇಕು. ಸ್ವಲ್ಪ ಅಡ್ಜಸ್ಟ್ ಮಾಡು."

ನಾದಿನಿ ಎಂದರೆ ನನಗೆ ಪ್ರೀತಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ನನ್ನನ್ನು ಮಾತಾಡಿಸಿ ನಗಿಸಿದವಳು ಅವಳೊಬ್ಬಳೇ. ಅವಳಿಗಾಗಿ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡೇ ಇದ್ದೆ.

ಈ ಮಾರ್ಚಿನಲ್ಲಿ ಚೊಚ್ಚಲ ಹೆರಿಗೆಗೆಂದು ಆಫ್ರಾಳನ್ನು ಕರೆದುಕೊಂಡು ಬಂದೆವು. ಮೊನ್ನೆ ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸುವುದಿತ್ತು. ಬಾಡಿಗೆ ಕಾರು ಮಾಡೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆ ಕಾರಲ್ಲಿ ಹೋದ್ರೆ ಅಳಿಯ ಎಂತ ಎಣಿಸ್ಲಿಕ್ಕಿಲ್ಲ?"

ಪೇಟೆ ದಾಟಿ ಮೂರನೆಯ ಏರಿನಲ್ಲಿ ಎದುರಿಗೆ ಮರದ ಲಾರಿಯೊಂದು ತೆವಳುತ್ತಿತ್ತು. ಅದರ ಹಿಂದೆ ನಮ್ಮ ಕಾರು ಬಿಕ್ಕಳಿಸಿತು, ನಡುಗಿತು, ಗೇರ್‌ಬಾಕ್ಸ್ ಬಿಸಿಯಾಗಿದೆ, ನಿಲ್ಲಿಸಿ ಎಂದು ಕೆಂಪು ಅಕ್ಷರ ತೋರಿಸಿತು. ಹೇಗೋ ಬದಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದೆ. ನಡು ಮಧ್ಯಾಹ್ನದ ಬಿಸಿಲು, ಎ.ಸಿ. ಇಲ್ಲ, ಪಕ್ಕದಲ್ಲಿ ತುಂಬಿದ ಬಸುರಿ. ನನಗೆ ಅಳು ಬರುವುದೊಂದು ಬಾಕಿ. ಸ್ಟೇರಿಂಗಿಗೆ ಒಂದು ಹೊಡೆದೆ.

"ಇದು ಯಾವಾಗಿಂದ ಹೀಗೆ ಅತ್ತಿಗೆ?" ಎಂದಳು ಆಫ್ರಾ.

"ಇವತ್ತೇ. ಬಿಸಿಲಿಗೆ ಇರ್ಬೇಕು" ಎಂದು ಸುಳ್ಳು ಹೇಳಿದೆ.

"ನನ್ನ ಹತ್ರ ಸುಳ್ಳು ಹೇಳ್ಬೇಡಿ. ಇದರ ಕ್ಲಚ್ ಹೋಗಿದೇಂತ ಕೊಡುವಾಗಲೇ ಅವರಿಗೆ ಗೊತ್ತಿತ್ತು."

ನಾನು ಅವಳತ್ತ ತಿರುಗಿದೆ. ಅವಳು ದುಪಟ್ಟಾದ ತುದಿಯಿಂದ ಗಾಳಿ ಹಾಕಿಕೊಳ್ಳುತ್ತ ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು.

"ಕೊಟ್ಟು ಒಂದು ತಿಂಗಳು ಅವರಿಗೆ ಹೆದರಿಕೆ ಇತ್ತು. ಅಣ್ಣನ ಫೋನು ಬಂದ್ರೆ ಎದ್ದು ಹೊರಗೆ ಹೋಗ್ತಿದ್ರು. ನಾನು ಕಾಯ್ತಾ ಇದ್ದೆ ಅತ್ತಿಗೆ, ಈಗ ಕೇಳ್ತಾರೆ, ಈಗ ಜೋರು ಮಾಡ್ತಾರೆ ಅಂತ. ನೀವು ಯಾರೂ ಕೇಳ್ಲಿಲ್ಲ. ನಮ್ಮ ಉಮ್ಮ ಬೇರೆ ಹೊಸತರ ಹಾಗೆ ಉಂಟು ಅಂದ್ರು. ಆ ದಿನ ಅವರ ಉಮ್ಮ ನನ್ನೆದುರೇ ಹೇಳಿದ್ರು, ಇಷ್ಟು ದೊಡ್ಡದನ್ನು ನುಂಗಿದವರು ಇನ್ನು ಎಂತ ಕೊಟ್ರೂ ನುಂಗ್ತಾರೆ ಅಂತ. ಮತ್ತಿನ ವಾರ ನನ್ನ ಬಿ.ಎಡ್. ಬಿಡಿಸಿದ್ರು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅಲ್ವಾ?"

"ಕಾಲೇಜು ನಿನಗೇ ಬೇಡಾಂತ ಆಯ್ತು ಅಂತ ಹೇಳಿದ್ದಲ್ವಾ ನೀನು?"

"ಕಾರು ಒಳ್ಳೆದುಂಟು ಅಂತ ಹೇಳಿದ್ದಲ್ವಾ ನೀವು?"

ಲಾರಿ ಏರು ಮುಗಿಸಿ ಕಣ್ಮರೆಯಾಗಿತ್ತು. ನನಗೆ ಮೊದಲು ಬಂದದ್ದು ನಾಚಿಕೆ. ಅವಳ ಮರ್ಯಾದೆ ಕಾಪಾಡುತ್ತಿದ್ದೇವೆಂದು ಬೀಗಿ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಅವಳಿಗೆ ಹಿಂದೆ ಮುಂದೆ ಕೇಳುವವರಿಲ್ಲ ಎಂದು ಆ ಮನೆಯವರಿಗೆ ತಿಳಿಸಿದವರು ನಾವೇ. ನಾಚಿಕೆಯ ಹಿಂದಿನಿಂದ ಸಿಟ್ಟು ಬಂತು, ಇಷ್ಟು ದಿನ ಆ ಕಾರಿನ ಮೇಲೆ ತೀರಿಸಿ ಮಿಕ್ಕಿದ್ದಷ್ಟೂ.

"ಫೋನು ಕೊಡು" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಬೇಡ ಎನ್ನುತ್ತಾಳೇನೋ ಎಂದುಕೊಂಡೆ. ಅವಳೇ ಗಂಡನ ನಂಬರು ಒತ್ತಿ ನನ್ನ ಕೈಗಿಟ್ಟಳು.

"ಚೆಕಪ್ ಆಯ್ತಾ?" ಎಂದ ಮಿದ್ಲಾಜ್.

"ನಾನು ಮುಫೀದಾ. ಚೆಕಪ್ ಆಗ್ಲಿಲ್ಲ. ನಿಮ್ಮ ಕಾರು ಏರಿನಲ್ಲಿ ನಿಂತಿದೆ, ನಿಮ್ಮ ಹೆಂಡತಿ ಬಿಸಿಲಲ್ಲಿ ಕೂತಿದ್ದಾಳೆ. ಕ್ಲಚ್ ಹೋದ ಕಾರು ಅಂತ ಗೊತ್ತಿದ್ದೇ ನಮಗೆ ಕೊಟ್ಟದ್ದಲ್ವಾ ನೀವು? ಬಂದು ಎಳ್ಕೊಂಡು ಹೋಗಿ. ಆಫ್ರಾಳನ್ನು ಈಗ ಕಳಿಸುದಿಲ್ಲ. ಮಗು ಆಗ್ಲಿ, ಬಿ.ಎಡ್. ಮುಗಿಸ್ಲಿ, ಆಮೇಲೆ ಅವಳಿಗೆ ಮನಸ್ಸಾದ್ರೆ ಬರ್ತಾಳೆ."

ಮಿದ್ಲಾಜ್ ಸ್ವರ ತಗ್ಗಿಸಿ, "ನೀವು ಹೀಗೆಲ್ಲ ಮಾತಾಡುದು ಅತ್ತೆಗೆ ಗೊತ್ತುಂಟಾ?" ಎಂದ.

"ಮನೆಗೆ ಹೋಗಿ ನಾನೇ ಹೇಳ್ತೇನೆ" ಎಂದೆ. ಇನ್ನು ಸಾಕೆಂದು ಫೋನನ್ನು ಆಫ್ರಾಳತ್ತ ಚಾಚಿದೆ.

ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಬೆರಳು ಚಾಚಿ ಸ್ಪೀಕರ್ ಒತ್ತಿದಳು.

"ಅವರೂ ಸ್ಪೀಕರಿಗೆ ಹಾಕ್ಲಿ. ಅವರ ಉಮ್ಮ ಅಲ್ಲೇ ಇರ್ತಾರೆ ಈ ಹೊತ್ತಿಗೆ" ಎಂದಳು. "ಇನ್ನೊಮ್ಮೆ ಹೇಳಿ ಅತ್ತಿಗೆ. ಸ್ವಲ್ಪ ಜೋರಾಗಿ."