ಎಡಸುತ್ತು

ಆರು ಓಮ್, ಆರೂವರೆ, ಮತ್ತೆ ಆರು, ಮೀಟರಿನ ಅಂಕಿ ಹೀಗೆ ನಿಂತ್ರೆ ಸೆನ್ಸರಿನದ್ದು ಏನೂ ತಪ್ಪಿಲ್ಲ ಅಂತಲೇ ಅರ್ಥ, ಇದು ಹೊಸದು, ಮೊನ್ನೆ ಮೊನ್ನೆ ಹಾಕಿದ್ದು, ಅದಕ್ಕೂ ಮುಂಚೆ ಬಿಚ್ಚಿ ಬಿಸಾಕಿದ್ನಲ್ಲ ನನ್ನ ಮೈದುನ, ಆ ಹಳೇದೂ ಚೆನ್ನಾಗೇ ಇತ್ತು, ಚೆನ್ನಾಗಿರೋದನ್ನ ತೆಗೆದು ಚೆನ್ನಾಗಿರೋದನ್ನೇ ಹಾಕಿದ ಜಾಣ — ಸೈಲೆನ್ಸರ್ ಕೊಳವೆಗೆ ಮೂಗು ತೂರಿಸಿ ಕೂತಿರೋ ಬೆರಳುದ್ದದ ಸಾಮಾನು, ಆಕ್ಸಿಜನ್ ಸೆನ್ಸರ್ ಅಂತ, ಹೊಗೆ ಮೂಸಿ ನೋಡಿ ಗಾಡಿಯ ಕಂಪ್ಯೂಟರಿಗೆ ಚಾಡಿ ಹೇಳೋದು ಅದರ ಕೆಲಸ, ತಣ್ಣಗಿದ್ರೆ ಬಾಯಿ ಬಿಡಲ್ಲ, ಬಿಸಿಯಾಗಬೇಕು, ಅದಕ್ಕೇ ಅಂತ ಹೊಟ್ಟೆಯೊಳಗೊಂದು ಪುಟ್ಟ ಹೀಟರ್, ಹೀಟರಿಗೆ ಎರಡು ತಂತಿ, ಆ ಎರಡರಲ್ಲಿ ಎಲ್ಲೋ ಒಂದು ಕಡೆ ಕರೆಂಟು ಬರುತ್ತೆ, ಬರಲ್ಲ, ಬರುತ್ತೆ, ಬಂದಾಗ ಎಲ್ಲಾ ಸರಿ, ಬರದೇ ಹೋದಾಗ ಸ್ಟಿಯರಿಂಗ್ ಹಿಂದೆ ಹಳದಿ ದೀಪ. ಸತ್ತ ತಂತಿ ಹುಡುಕೋದು ಸುಲಭ, ಇದು ನಾಟಕ ಆಡೋ ತಂತಿ, ಗಾಡಿಯವರ ಮುಂದೆ ಕೆಟ್ಟು ನಮ್ಮ ಮುಂದೆ ಸಂಭಾವಿತ ಆಗೋದು. ಬಾನೆಟ್ ಸಂದಿಯಿಂದ ಕಾಣ್ತಾ ಇದೆ, ಗಾಡಿಯ ಯಜಮಾನರು, ಕನ್ನಡಕದ ಅಂಗಡಿಯವರು, ಬೆಂಚಿನ ಮೇಲೆ ಕೂತು ಗಾಜು ಒರೆಸ್ತಾನೇ ಇದ್ದಾರೆ, ಮೂರನೇ ಸಲ ಬಂದಿದ್ದೀನಮ್ಮ, ಮೂರನೇ ಸಲ, ಅಂತ ನಂಗೆ ಹೇಳಿದ್ರು, ಮಾವನಿಗೂ ಹೇಳಿದ್ರು, ಗೋಡೆಗೂ ಹೇಳಿರ್ತಾರೆ.

ಹೇಳಲಿ, ಒಳ್ಳೇದೇ ಆಯ್ತು, ಮಾವ ಬೆಳಿಗ್ಗೆ ಎಲ್ಲರ ಮುಂದೆ ಮಗನಿಗೆ ಅಂದ್ರಲ್ಲ, ಈ ಸಲವೂ ನಿನ್ನ ಕೆಲಸವೇ ಕೈಕೊಟ್ಟಿದ್ರೆ ಇನ್ನು ನೀನು ತಂತಿ ಮುಟ್ಟಬೇಡ, ಗೇಟಿನ ನಲ್ಲಿ ಹತ್ತಿರ ಗಾಡಿ ತೊಳ್ಕೊಂಡಿರು, ಅಂತ, ಮುಟ್ಟಬೇಡ ಅನ್ನುವಾಗ ಮುದುಕರ ದನಿ ಒಡೀತು, ನಾನು ಕೇಳಿಸಿಕೊಂಡೆ, ಕೇಳಿಸಿಕೊಂಡು ಸ್ಪ್ಯಾನರ್ ಒರೆಸ್ತಾ ನಿಂತೆ, ತಪ್ಪು ಎಲ್ಲಿದೆ ಅಂತ ಅತ್ತಿಗೆ ನೋಡಲಿ ಅಪ್ಪಾ, ಅವರು ಹೇಳಿದ್ದಕ್ಕೆ ನಾನು ಸೈ ಅಂದ ಅವನು, ನೋಡಿ ಎಂಥ ಬಕರಾ, ಕುತ್ತಿಗೇನ ತಾನೇ ಚಾಚ್ತಾನೆ. ಹದಿನಾಲ್ಕು ದಿನ ಜ್ವರ ನೆತ್ತಿಗೇರಿ ಆಸ್ಪತ್ರೇಲಿ ಮಲಗಿ ಎದ್ದ ಮೇಲೆ ಅವನ ಬಲಗೈ ನಡುಗೋದು ನಿಂತಿಲ್ಲ, ಎರಡು ವರ್ಷ ಆಯ್ತು, ಒಂದು ಸ್ಕ್ರೂ ಹಿಡಿದ್ರೆ ಅದು ಬೀಳುತ್ತೆ, ಟಣ್, ಬಗ್ತಾನೆ, ಎತ್ತುತಾನೆ, ಟಣ್, ನಾನು ಗಟ್ಟಿಯಾಗಿ ಎಣಿಸ್ತೀನಿ, ಒಂದು, ಎರಡು, ಹರಾಜಿನವರ ಹಾಗೆ, ಮೂರು ಅನ್ನೋಕೆ ಮುಂಚೆ ಬಾಡಿ ಪೇಂಟರ್ ನಗ್ತಾನೆ, ಅವನೂ ನಗ್ತಾನೆ, ನನ್ನ ಮೈದುನನೂ, ಅದೇ ನಂಗೆ ಉರಿಯೋದು. ಚಹಾ ಕೊಡುವಾಗ ಲೋಟದ ಅಂಚಿನವರೆಗೂ ಬೇಕಂತಲೇ ತುಂಬಿಸ್ತೀನಿ, ಹೌದು ಬೇಕಂತಲೇ, ಕೈಮೇಲೆ ಚೆಲ್ಲಿಕೊಂಡು ಬಿಸಿ ಇದೆ ಅತ್ತಿಗೆ ಅಂತಾನೆ, ಬಿಸಿ ಇರದೆ ಇನ್ನೇನು, ಮದುವೆಯಾಗಿ ಬಂದು ಹನ್ನೆರಡು ವರ್ಷ ಈ ಶೆಡ್ಡಿನಲ್ಲಿ ಗ್ರೀಸ್ ತಿಂದಿದ್ದೀನಿ, ಗಂಡ ಅನ್ನೋ ಪ್ರಾಣಿ ಕೆಲಸ ಬೇಡ ಅಂತ ಲಾರಿ ಹತ್ತಿ ಹೋದ ಮೇಲೆ ಈ ವೈರಿಂಗ್ ಬೆಂಚು ಹಿಡಿದೋಳು ನಾನು, ಆದರೂ ಮಾವನ ಬಾಯಲ್ಲಿ ಒಂದೇ ಮಾತು, ನಿಂದು ಕೆಲಸದ ಕೈ ಕಣಮ್ಮ, ಅವನದು ಕೈಗುಣ. ಕೈಗುಣ! ಅವನು ಬಾನೆಟ್ ಮುಟ್ಟಿದ್ರೆ ಸಾಕು, ಇಂಜಿನ್ ಎದ್ದು ನಮಸ್ಕಾರ ಹೇಳುತ್ತಂತೆ. ನಡುಗೋ ಕೈಗೂ ಅದೇ ಬಿರುದು, ನೆಟ್ಟಗಿರೋ ಕೈಗೆ ಅರ್ಧ ಮಾತಿಲ್ಲ.

ಇರಲಿ, ಕೆಲಸ ನೋಡು, ಕನ್ನಡಕದವರು ಒಂದು ಚೀಟಿ ಕೊಟ್ಟಿದ್ದಾರೆ, ದೀಪ ಹತ್ತಿದಾಗೆಲ್ಲ ಬರೆದಿಟ್ಟಿದ್ದಾರೆ, ಮುತ್ತಿನಂಥ ಅಕ್ಷರ, ಸೋಮವಾರ ರಿವರ್ಸ್ ತೆಗೆಯುವಾಗ, ಬುಧವಾರ ಅಂಗಡಿ ಮುಂದಿನ ಉಬ್ಬು ಹಾರಿದ ಮೇಲೆ, ಗುರುವಾರ ಮತ್ತೆ ರಿವರ್ಸ್, ಅಂದ್ರೆ ಇಂಜಿನ್ ಓಲಾಡಿದಾಗ, ಅಂದ್ರೆ ತಂತಿ ಎಲ್ಲೋ ಎಳೀತಾ ಇದೆ, ಇಷ್ಟು ಓದೋಕೆ ಬರಲಿಲ್ವಾ ಅವನಿಗೆ, ಸೆನ್ಸರ್ ಬದಲಾಯಿಸಿದ, ಆಮೇಲೆ ಸೆನ್ಸರಿಗೆ ತಂತಿ ಸಿಕ್ಕಿಸೋ ಕನೆಕ್ಟರಿನ ಪಿನ್ ಒತ್ತಿ ಕೊಟ್ಟ, ಒತ್ತುವಾಗ ಮೂರು ಸಲ ಜಾರಿತು, ನಾನೇ ಎಣಿಸಿದ್ದು, ಆ ಪಿನ್ನೇ ಸಡಿಲ ಇರುತ್ತೆ ಬಿಡು, ಅಲ್ಲೇ ಇರಬೇಕು, ಅಲ್ಲೇ ಇರಲಿ — ಮೀಟರ್ ಹಚ್ಚಿದ್ರೆ ಹನ್ನೆರಡು ವೋಲ್ಟ್, ಪಿನ್ ಅಲ್ಲಾಡಿಸಿದ್ರೂ ಹನ್ನೆರಡು, ಎಳೆದ್ರೂ ಹನ್ನೆರಡು, ಥೂ. ಮೀಟರ್ ನಂಬಬೇಡಿ ಅತ್ತಿಗೆ, ಇದು ಯಾರು ಹೇಳಿದ್ದು, ಅವನೇ, ಕೈ ನೆಟ್ಟಗಿದ್ದಾಗ, ಇದೇ ಬೆಂಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ರೂ ಮೀಟರ್ ಹನ್ನೆರಡು ಅಂತಲೇ ತೋರ್ಸುತ್ತೆ, ಅದಕ್ಕೆ ಭಾರ ಹೊರೋದು ಬೇಡವಲ್ಲ, ಇಂಡಿಕೇಟರ್ ಬಲ್ಬ್ ಸಿಕ್ಕಿಸಿ ನೋಡಿ, ಕೆಲಸ ಕೊಟ್ರೆ ತಂತಿಯ ಬಂಡವಾಳ ಬಯಲಾಗುತ್ತೆ, ಮನುಷ್ಯರ ಹಾಗೇ, ಅಂತ ನಕ್ಕಿದ್ದ. ಬಲ್ಬ್ ಸಿಕ್ಕಿಸಿದೆ, ಹತ್ತಿತು, ಪಿನ್ ಜಗ್ಗಿದೆ, ಉರೀತಾನೇ ಇದೆ, ತಿರುಚಿದೆ, ಉರೀತಾನೇ ಇದೆ, ಅವನು ನಡುಗೋ ಕೈಯಲ್ಲಿ ಒತ್ತಿದ ಪಿನ್ನು ಕಲ್ಲಿನ ಹಾಗೆ ಕೂತಿದೆ. ಹಾಳಾದೋನು. ಕೈಯನ್ನ ತಂತಿಕಟ್ಟಿನ ಜೊತೆಗೇ ಹಿಂದಕ್ಕೆ ಬಿಟ್ಟೆ, ಗೇರ್‌ಬಾಕ್ಸ್ ಮೇಲೆ, ಕಟ್ಟು ಇಂಜಿನ್ ಹಿಂದಿನ ತಗಡಿನ ಗೋಡೆ ಕಡೆ ತಿರುಗೋ ಮೂಲೇಲಿ, ಕಾಣಲ್ಲ, ಮೊಣಕೈವರೆಗೂ ಬಿಸಿ, ಬಗ್ಗಿಸಿದೆ, ಬಲ್ಬ್ ಆರಿತು.

ಬಿಟ್ಟೆ, ಹತ್ತಿತು, ಬಗ್ಗಿಸಿದೆ, ಆರಿತು, ಸಿಕ್ಕಿಬಿದ್ದೆ ಮಗನೇ, ಎದೆ ಕುಣೀತು, ಮೇಲಿನ ಸುರುಳಿ ಪ್ಲಾಸ್ಟಿಕ್ ಸೀಳಿದೆ, ಒಳಗೆ ಕಪ್ಪು ಟೇಪಿನ ಗಂಟು, ಯಾರೋ ತಂತಿ ಕತ್ತರಿಸಿ ಕೂಡಿಸಿದ್ದಾರೆ, ಬೆಸುಗೆ ಇಲ್ಲ ಅಂತ ಮುಟ್ಟಿದ್ರೇ ಗೊತ್ತಾಗುತ್ತೆ, ಬರೀ ತಿರುಚಿ ಟೇಪು ಸುತ್ತಿರೋದು, ಕಳ್ಳ ಕೆಲಸ, ಇದನ್ನೇ ಮಾವನ ಮೂಗಿನ ಕೆಳಗೆ ಹಿಡೀತೀನಿ ನೋಡ್ತಾ ಇರಿ ಅಂದುಕೊಂಡು ಬೆಳಕಿಗೆ ಎಳೆದೆ — ಟೇಪಿನ ಕೊನೆ ಮಡಚಿದೆ. ನಾಳೆ ಬಿಚ್ಚೋಕೆ ಉಗುರು ಸಿಗಲಿ ಅಂತ ಕೊನೆ ಮಡಚೋದು ನಾನು. ಎಷ್ಟೋ ಜನ ಮಡಚ್ತಾರೆ. ಸುತ್ತು ಎಡಕ್ಕೆ ಹೋಗಿದೆ. ಬಲಗೈಯವರು ಸುತ್ತಿದ್ರೆ ಬಲಕ್ಕೆ ಹೋಗುತ್ತೆ, ಯಾರು ಸುತ್ತಿದ್ರೂ ಬಲಕ್ಕೇ, ಈ ಶೆಡ್ಡಿನಲ್ಲಿ ಎಡಕ್ಕೆ ಸುತ್ತೋಳು ಒಬ್ಬಳೇ, ಎಡಚಿ ಅಂತ ಪೇಂಟರ್ ಕರೆಯೋದು ಒಬ್ಬಳನ್ನೇ. ಇಲ್ಲ, ಯಾವಾಗ, ನಾನು ಯಾವಾಗ ಇದನ್ನ — ಇಲಿ. ಇಲಿ ಕಡಿದಿತ್ತು, ಕನ್ನಡಕದವರು ಗಾಡಿ ಬಿಟ್ಟು ಹೋಗಿದ್ರು, ಶೆಡ್ಡಿನಲ್ಲಿ ನರಪಿಳ್ಳೆ ಇರಲಿಲ್ಲ, ಅವತ್ತು ಅವನನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರೋ ದಿನ, ಮಾವ, ಪೇಂಟರ್, ಟಯರಿನವರು, ಎಲ್ಲಾ ಹೋಗಿದ್ರು, ನೀನು ಕೆಲಸ ಮುಗಿಸಿ ಬಾರಮ್ಮ ಅಂತ ನನ್ನೊಬ್ಬಳನ್ನ ಬಿಟ್ಟು, ನಂಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು, ಬೆಸುಗೆ ಕಡ್ಡಿ ಕಾಯೋವರೆಗೂ ಯಾರು ಕಾಯ್ತಾರೆ, ಯಾರು ನೋಡ್ತಾರೆ, ತಿರುಚಿ ಸುತ್ತಿ ಬಿಸಾಕು, ಅಂತ, ಹೌದು. ಹೌದು. ಟೇಪು ಬಿಚ್ಚಿದೆ, ಹಸಿರು ಹಿಡಿದ ತಾಮ್ರ, ಎಲ್ಲ ಮುರಿದು ಒಂದೇ ಒಂದು ಎಳೆ ಹಿಡ್ಕೊಂಡಿದೆ, ಎರಡು ವರ್ಷ ನಾನು ಎಣಿಸಿದ ಸ್ಕ್ರೂಗಳು, ಮೂರು ಸಲ ಈ ಗಾಡಿ, ಎಲ್ಲಾ ನಂದು.

ಸಿಕ್ತಾ ಅತ್ತಿಗೆ, ಅವನ ದನಿ, ಬಾನೆಟ್ ಹತ್ತಿರವೇ, ಹೇಳಿಬಿಡು, ನಂದೇ ಕಣೋ ಅನ್ನು, ಎರಡೇ ಮಾತು, ನಾಲಿಗೆ ತುದಿಗೆ ಬಂತು, ಬಂದಿದ್ದು ನಿಜ, ಆಮೇಲೆ ಮಾವನ ಮುಖ ಕಾಣಿಸ್ತು, ಆಮೇಲೆ ಪೇಂಟರ್ ನಗು ನನ್ನ ಕಡೆ ತಿರುಗೋದು, ನಂಗೆ ಹೆದರಿಕೆ ಆಯ್ತು, ಸುಳ್ಳು ಯಾಕೆ, ಬರೀ ಹೆದರಿಕೆ ಅಲ್ಲ, ಖುಷಿಯೂ ಆಯ್ತು, ಟೇಪನ್ನ ಉಂಡೆ ಮಾಡಿ ಎಡಗೈ ಮುಷ್ಟಿಯೊಳಗೆ ಇಟ್ಕೊಂಡೆ, ಬರೀ ತಾಮ್ರದ ಗಂಟು ಕತ್ತರಿಸಿ ಬಲಗೈಯಲ್ಲಿ ಹಿಡಿದು ಎದ್ದೆ. ಮಾವ ಕನ್ನಡಕ ಮೇಲೆತ್ತಿ ನೋಡಿದ್ರು, ಬೆಸುಗೆ ಇಲ್ಲದ ಜಾಯಿಂಟು, ಥೂ, ಯಾರಮ್ಮ ಇದನ್ನ ಮಾಡಿದ್ದು. ನಾನು ಹೇಳಲಿಲ್ಲ. ದೇವರಾಣೆ ಬಾಯಿಬಿಟ್ಟು ಒಂದಕ್ಷರ ಹೇಳಲಿಲ್ಲ, ಸುಮ್ಮನೆ ಅವನ ಕೈ ನೋಡಿದೆ, ಅಷ್ಟೇ, ನಾನು ನೋಡಿದ್ದು ನೋಡಿ ಮಾವ ನೋಡಿದ್ರು, ಕನ್ನಡಕದವರು ನೋಡಿದ್ರು, ಕೊನೆಗೆ ಅವನೂ ನೋಡಿಕೊಂಡ. ನಂಗೆ ಮಾಡಿದ ನೆನಪಿಲ್ಲ ಅಪ್ಪಾ, ಅಂದ, ಜ್ವರ ಬಂದ ಮೇಲೆ ಎಷ್ಟೋ ನೆನಪಿಲ್ಲ, ನಾನೇ ಇರಬೇಕು, ಅತ್ತಿಗೆ ಯಾವತ್ತೂ ಬೆಸುಗೆ ಇಲ್ಲದೆ ಬಿಡಲ್ಲ. ಅಯ್ಯೋ, ಜಗಳ ಆಡೋ, ಒಂದು ಸಲ ಎದುರಾಡೋ, ನಾನಲ್ಲ ಅನ್ನೋ, ಅವನು ಅನ್ನಲಿಲ್ಲ, ನನ್ನ ಕಡೆ ತಿರುಗಿ ಕಂಡುಹಿಡಿದಿರಲ್ಲ ಅತ್ತಿಗೆ, ಸದ್ಯ, ಇವರ ಗಾಡಿ ಸರಿಹೋಯ್ತಲ್ಲ ಅಂತ ನಿಜವಾಗಿ ನಕ್ಕ, ಟೆಸ್ಟರನ್ನ ಜೇಬಿಂದ ತೆಗೆದು ಬೆಂಚಿನ ಮೇಲೆ ಇಟ್ಟ, ಇಡುವಾಗ ಬೀಳಲಿಲ್ಲ, ನಲ್ಲಿ ಕಡೆ ಹೋದ. ಮಾವ ಮೂಗು ಒರೆಸಿಕೊಂಡು ನನ್ನ ತಲೆ ಮೇಲೆ ಕೈಯಿಟ್ರು, ಹನ್ನೆರಡು ವರ್ಷದಲ್ಲಿ ಮೊದಲನೇ ಸಲ, ನಿನ್ನ ಕೈಗುಣ ದೊಡ್ಡದು ತಾಯಿ.

ಈಗ ಬೆಸುಗೆ ಹಾಕ್ತಾ ಇದ್ದೀನಿ, ಹೊಗೆ ಕಣ್ಣಿಗೆ ಬರ್ತಾ ಇದೆ, ಸೀಸ ಕರಗಿ ತಂತಿಯೊಳಗೆ ಇಳೀತು, ಇನ್ನು ಹತ್ತು ವರ್ಷ ಅಲ್ಲಾಡಲ್ಲ ಇದು, ಟೇಪು ಸುತ್ತಬೇಕು, ಬಲಕ್ಕೆ ಸುತ್ತಬೇಕು, ಬಲಕ್ಕೆ ಸುತ್ತೋಕೆ ಬರ್ತಾ ಇಲ್ಲ, ಬೆರಳು ತಾನಾಗಿ ಎಡಕ್ಕೆ ಹೋಗುತ್ತೆ, ಬಿಚ್ಚಿದೆ, ಮತ್ತೆ ಸುತ್ತಿದೆ, ಮತ್ತೆ ಎಡಕ್ಕೆ, ಆಯ್ತಾ ಅಮ್ಮಾ ಅಂತ ಕನ್ನಡಕದವರು, ಆಯ್ತು ಸಾರ್, ಇನ್ನು ದೀಪ ಬರಲ್ಲ, ತಲೆ ಎತ್ತಿದ್ದು ಅವರಿಗೆ ಹೇಳೋಕೆ, ಬಾನೆಟ್ ಸಂದಿಯಿಂದ ಗೇಟು ಕಾಣ್ತು, ನಲ್ಲಿ ಬಿಟ್ಟಿದ್ದಾನೆ, ಬಕೆಟ್ ತುಂಬಿ ಹರೀತಾ ಇದೆ, ಅವನು ನೋಡ್ತಾ ಇಲ್ಲ, ಕುಕ್ಕರುಗಾಲಲ್ಲಿ ಕೂತು ಬಲಗೈಯನ್ನ ಮಂಡಿ ಮೇಲೆ ಹರಡಿಕೊಂಡಿದ್ದಾನೆ, ಎಡಗೈ ಎತ್ತಿದ, ನೊಣ ಓಡಿಸ್ತಾನೆ ಅಂದುಕೊಂಡೆ, ಹೊಡೆದ. ಬಲಗೈಗೆ ಹೊಡೆದ. ಮತ್ತೆ ಎತ್ತಿದ, ಹೊಡೆದ, ಜೋರಾಗಿ ಅಲ್ಲ, ಮಾತು ಕೇಳದ ಮಗುವಿಗೆ ಹೊಡೆಯೋ ಹಾಗೆ, ಏನೋ ಅಂತಾ ಇದ್ದಾನೆ ಕೈಗೆ, ತುಟಿ ಅಲ್ಲಾಡ್ತಾ ಇದೆ, ನೀರಿನ ಸದ್ದಿಗೆ ಕೇಳಲ್ಲ, ಆ ಕೈ ಏನೂ ಮಾಡಿಲ್ಲ ಕಣೋ, ಆ ಕೈ ಒತ್ತಿದ ಪಿನ್ನು ಕಲ್ಲಿನ ಹಾಗೆ ಕೂತಿದೆ, ನಾನು ಜಗ್ಗಿ ನೋಡಿದ್ದೀನಿ, ಟೇಪಿನ ಉಂಡೆ ನನ್ನ ಅಂಗೈಗೆ ಅಂಟಿಕೊಂಡಿದೆ, ಒದರಿದ್ರೂ ಬೀಳ್ತಾ ಇಲ್ಲ, ಹೋಗಿ ಹೇಳಬೇಕು, ಈಗಲೇ, ಬೆರಳು ಟೇಪು ಸುತ್ತುತ್ತಾನೇ ಇದೆ, ಅವನು ಕೈ ಎತ್ತಿದ, ಹೊಡೆದ, ಬಲಗೈ ನಡುಗ್ತಾ ಇದೆ, ನಡುಗಿದ್ದಕ್ಕೆ ಮತ್ತೆ ಹೊಡೆದ