ತುಂಬಿದ ಇದ್ದಿಲು

"ಸ್ವಲ್ಪ ಓರೆ ಮಾಡಿ, ತಲೆ ಕಡೆಯಿಂದ ಎತ್ತಿ," ಎನ್ನುತ್ತಿದ್ದ ಪಕ್ಕದ ಮನೆಯ ದರ್ಜಿ. ಆಸ್ಪತ್ರೆಯಿಂದ ಅಕ್ಕನ ಹೆಣ ಹೊತ್ತು ತಂದ ಸ್ಟ್ರೆಚರ್ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ಹಜಾರದ ಗೋಡೆಯುದ್ದಕ್ಕೂ ಇದ್ದಿಲಿನ ಮೂಟೆಗಳು. ನಡುವೆ ಒಬ್ಬರು ನುಸುಳುವಷ್ಟೇ ದಾರಿ. ಅವಳ ತಮ್ಮನೇ ಎರಡು ಮೂಟೆಗಳನ್ನು ಹೊತ್ತು ಅಂಗಳಕ್ಕೆ ಹಾಕಿದ ಮೇಲೆ ಅಕ್ಕ ಒಳಗೆ ಬಂದಳು.

"ಹೋದ್ಮೇಲೂ ಮೂಟೆ ಕಾಯ್ತಿದಾರೆ ನೋಡಿ, ನಮ್ಮ ಇದ್ದಿಲಕ್ಕ," ಎಂದ ದರ್ಜಿ. ತಮ್ಮ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು.

ಬಂದವರೆಲ್ಲ ಒಂದು ಗಳಿಗೆ ಅವಳ ಮುಖ ನೋಡಿ, ಹೊರಗೆ ಬಂದು, ಜಗಲಿಯ ಮೇಲಿನ ನೀಲಿ ಡ್ರಮ್ಮಿನ ನಲ್ಲಿಯಿಂದ ನೀರು ಹಿಡಿದು ಕುಡಿಯುತ್ತಿದ್ದರು.

"ಅವಳು ಆಸ್ಪತ್ರೆ ಸೇರಿ ಮೂರು ತಿಂಗಳಾಯ್ತು. ಒಂದು ದಿನಾನೂ ನೀರು ನಿಲ್ಲಿಸಲಿಲ್ಲವಲ್ಲಪ್ಪ ನೀನು," ಎಂದಳು ಎದುರು ಮನೆಯ ಅಜ್ಜಿ. "ಅಕ್ಕನಿಗೆ ತಕ್ಕ ತಮ್ಮ."

ಅವನನ್ನು ಹೀಗೆ ಯಾರೂ ಹೊಗಳಿದ್ದಿಲ್ಲ.

*

ಅಕ್ಕ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಮದುವೆಯಾಗಲಿಲ್ಲ, ತಮ್ಮನ ಮನೆಯಲ್ಲೇ ಇದ್ದಳು. ತಮ್ಮನ ಮಗಳಿಗೆ ಆರು ತುಂಬಿದರೂ ಒಂದಕ್ಷರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ತಿದ್ದಿಸಿದ್ದು ಸಂಜೆಗೆ ಮರೆತುಹೋಗುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸೀಸ ಸೇರಿದೆ ಎಂದರು. ಬೀದಿಯ ಕೊನೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿತ್ತು. ಅಲ್ಲಿಯ ಕೊಳೆನೀರು ವರ್ಷಗಟ್ಟಲೆ ನೆಲಕ್ಕಿಳಿದು, ಬೀದಿಗೆಲ್ಲ ಇದ್ದ ಒಂದೇ ಕೈಪಂಪಿನಲ್ಲಿ ಮೇಲೆ ಬರುತ್ತಿತ್ತು. ತಮ್ಮ ದುಡಿಯುತ್ತಿದ್ದುದೂ ಆ ಶೆಡ್ಡಿನಲ್ಲೇ.

ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಕಡಲೆಕಾಯಿ ಸಿಪ್ಪೆಯ ಇದ್ದಿಲಿನಿಂದ ನೀರಿನ ಸೀಸ ತೆಗೆಯುವುದನ್ನು ಹುಡುಗಿಯರಿಗೆ ಮಾಡಿ ತೋರಿಸುತ್ತಿದ್ದರು. ಅಕ್ಕ ಸಿಂಕಿನ ಬಳಿಯಿಂದಲೇ ಕೇಳಿದಳು: "ಮೇಡಂ, ಇದು ಮನೇಲಿ ಮಾಡಕ್ಕಾಗುತ್ತಾ?"

ಆಯಿತು. ಎಣ್ಣೆ ಗಾಣದಿಂದ ಸಿಪ್ಪೆ ತಂದು, ಗಾಳಿಯಾಡದಂತೆ ಮುಚ್ಚಿದ ತಗಡಿನ ಡಬ್ಬಿಯಲ್ಲಿ ಸುಟ್ಟು, ಕುಟ್ಟಿ, ಜರಡಿ ಹಿಡಿದು, ತೊಳೆದು ಡ್ರಮ್ಮಿಗೆ ತುಂಬಿ, ಪಂಪಿನ ನೀರನ್ನು ಅದರಲ್ಲಿ ಸೋಸಿದಳು. ಮೇಡಂ ನೀರು ಪರೀಕ್ಷಿಸಿದರು. ಸೀಸ ಹೆಚ್ಚುಕಡಿಮೆ ಇರಲೇ ಇಲ್ಲ. ಬೀದಿಯ ಜನ ಮೊದಲು ನಕ್ಕರು, ಆಮೇಲೆ ಬಿಂದಿಗೆ ಹಿಡಿದು ಬಂದರು. ಅಷ್ಟು ಹೊತ್ತಿಗೆ ಮಗುವಿನ ತಲೆಗೆ ಆಗಬೇಕಾದದ್ದು ಆಗಿಹೋಗಿತ್ತು.

ತಿಂಗಳಿಗೊಮ್ಮೆ ಇದ್ದಿಲು ಬದಲಾಯಿಸಬೇಕಿತ್ತು. ತೆಗೆದದ್ದನ್ನು ಹೊರಗೆ ಚೆಲ್ಲಿದರೆ ಸೀಸ ಮತ್ತೆ ಮಣ್ಣಿಗೆ ಸೇರುತ್ತದೆ. ಕೊಂಡೊಯ್ಯಿರಿ ಎಂದು ಮಾಲಿನ್ಯ ನಿಯಂತ್ರಣ ಕಚೇರಿಗೆ ಬರೆದಳು, ಯಾರೂ ಬರಲಿಲ್ಲ. ಮೂಟೆ ಕಟ್ಟಿ ಹಜಾರದಲ್ಲಿಟ್ಟು, "ಇದಕ್ಕೆ ಯಾರೂ ಕೈ ಹಾಕಬಾರದು," ಎಂದಳು. ಯಾಕೆಂದು ತಮ್ಮ ಕೇಳಲಿಲ್ಲ. ಅಷ್ಟು ಜೋಪಾನ ಮಾಡುತ್ತಾಳೆಂದರೆ ಬೆಲೆಬಾಳುವ ಸರಕೇ ಇರಬೇಕು ಎಂದುಕೊಂಡ.

*

ಹನ್ನೊಂದು ಗಂಟೆಗೆ ಮೇಡಂ ಬಂದರು. ಅಕ್ಕನ ಪಾದ ಮುಟ್ಟಿ, ತಮ್ಮನನ್ನು ಮೂಲೆಗೆ ಕರೆದರು.

"ಹೋದ ವಾರ ನಿಮ್ಮ ಡ್ರಮ್ಮಿನ ನೀರು ತಗೊಂಡು ಹೋಗಿದ್ದೆ. ಇವತ್ತು ಹೇಳೋ ಮಾತಲ್ಲ, ಆದ್ರೆ ಜನ ಕುಡೀತಿದಾರೆ. ಪಂಪಿನ ನೀರಿಗಿಂತ ಇದರಲ್ಲೇ ಸೀಸ ಜಾಸ್ತಿ ಇದೆ. ಯಾವ ಇದ್ದಿಲು ಹಾಕಿದ್ರಿ?"

"ಅಕ್ಕ ಕೂಡಿಟ್ಟಿದ್ದೇ, ಮೇಡಂ. ಚೆನ್ನಾಗಿ ತೊಳೆದೇ ಹಾಕಿದೆ. ಮೂರು ಸಲ."

ಮೇಡಂ ಮೂಟೆಗಳ ಕಡೆ ನೋಡಿದರು.

"ಅದು ಹೊಸದಲ್ಲಪ್ಪ. ಸೀಸ ಹೀರಿ ತುಂಬಿಹೋಗಿದ್ದು."

*

ಆಸ್ಪತ್ರೆಯಲ್ಲಿ, ಮೂರು ದಿನದ ಹಿಂದೆ, ಅವನು ಅಕ್ಕನ ಕಿವಿಯ ಹತ್ತಿರ ಬಾಗಿ ಹೇಳಿದ್ದ: "ನೀರಿನ ಚಿಂತೆ ಬಿಡಕ್ಕ. ಮೂಟೆ ಬಿಚ್ಚಿ ನಾನೇ ತುಂಬ್ತಿದೀನಿ. ಇನ್ನೂ ಒಂದೆರಡು ವರ್ಷಕ್ಕಾಗುತ್ತೆ."

ಅವಳ ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ಅವಳು ಅವನ ಮಣಿಕಟ್ಟು ಹಿಡಿದಳು. ತಲೆ ಅತ್ತಿತ್ತ ಆಡಿಸಿದಳು, ಮತ್ತೆ ಮತ್ತೆ. ಮುಖವಾಡದೊಳಗೆ ಮಂಜು ಕಟ್ಟಿತು. ತನಗಾಗಿ ಇವನು ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು ಅವಳ ಕರುಳು ಚುರುಕ್ಕೆಂದಿದೆ ಎಂದುಕೊಂಡ.

"ನನಗೇನು ಕಷ್ಟ, ಮಲಕ್ಕೋ," ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಿದ್ದ.

*

ಅವನು ಹೊರಗೆ ಬಂದು ನಲ್ಲಿ ತಿರುಗಿಸಿ ನಿಲ್ಲಿಸಿದ. ಸೇರಿದ್ದವರಿಗೆ ನಡೆದದ್ದನ್ನು ಹೇಳಿದ. ಒಂದು ಮಾತೂ ಮುಚ್ಚಿಡಲಿಲ್ಲ. ಯಾರಾದರೂ ಕಪಾಳಕ್ಕೆ ಹೊಡೆಯಲಿ ಎಂದು ಕಾದಂತೆ ಕೈ ಇಳಿಬಿಟ್ಟು ನಿಂತ. ಯಾರೂ ಮುಂದೆ ಬರಲಿಲ್ಲ. ದರ್ಜಿ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟ.

ಕೊನೆಗೆ ಅಜ್ಜಿ ಕೇಳಿದಳು. "ಹಾಗಾದ್ರೆ ಈಗ ಏನು ಕುಡಿಯೋದು?"

ಅವನು ಮೇಡಂ ಕಡೆ ನೋಡಿದ.

"ಸದ್ಯಕ್ಕೆ ಇದಕ್ಕಿಂತ ಪಂಪಿನ ನೀರೇ ವಾಸಿ," ಎಂದರು ಅವರು, ತಲೆಯೆತ್ತದೆ.

ವ್ಯಾನು ಬಂತು. ಅಕ್ಕನನ್ನು ಒಳಗಿಟ್ಟು, ಅವನು ಅವಳ ತಲೆಯ ಬಳಿ ಕೂತ. ಹಿಂದಿನ ಗಾಜಿನಲ್ಲಿ ಬೀದಿ ನಿಧಾನಕ್ಕೆ ದೂರವಾಗತೊಡಗಿತು. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಪು ಒತ್ತುತ್ತಿದ್ದರು. ಅವರ ಮುಂದೆ ಬಿಂದಿಗೆಗಳ ಸಾಲು. ಸಾಲಿನ ಮುಂದೆ, ಪಂಪಿನ ಬಾಯಿಗೆ ಅವನ ಮಗಳು ತನ್ನ ಬಾಟಲಿ ಹಿಡಿದಿದ್ದಳು. ಅದು ತುಂಬಿ, ಕೈಮೇಲಿಂದ ಮೊಣಕೈಗೆ ನೀರಿಳಿಯುತ್ತಿದ್ದರೂ ಹಾಗೇ ಹಿಡಿದಿದ್ದಳು.